ಸೀರೆಯ ಫೋಟೋ ಶೂಟ್ ಮಾಡಿಸುವವರಿಗೆ: ಕಾಸರಗೋಡಿನ ಬಿಸಿಲು, ಗಾಳಿ, ಮುರಕಲ್ಲಿನ ನಡುವೆ ಕಲಿತದ್ದು

ನಮ್ಮ ಕಡೆ ಈಗ ಮನೆಯಲ್ಲೇ ಬಟ್ಟೆ ವ್ಯಾಪಾರ ಮಾಡುವವರು ಜಾಸ್ತಿಯಾಗಿದ್ದಾರೆ. ಕೈಮಗ್ಗದ ಸೀರೆ ತರಿಸಿ ಮಾರುವವರು, ಕುರ್ತಾ ಹೊಲಿಸುವವರು, ಪೇಟೆಯಲ್ಲಿ ಸಣ್ಣ ಬುಟಿಕ್ ಇಟ್ಟವರು. ಎಲ್ಲರೂ ಒಂದಲ್ಲ ಒಂದು ದಿನ ಫೋಟೋ ಶೂಟ್ ಬಗ್ಗೆ ಯೋಚಿಸುತ್ತಾರೆ. ಇಂಥ ಶೂಟ್‌ಗಳನ್ನು ನಡೆಸುತ್ತಾ ನನಗೆ ಗೊತ್ತಾದದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ನಮ್ಮ ಜಾಗಕ್ಕೆ, ನಮ್ಮ ಹವೆಗೆ ಹೊಂದುವ ಮಾತುಗಳಿವು. ಮುಂಬೈ ಸ್ಟುಡಿಯೋದ ಪಾಠಗಳು ಇಲ್ಲಿ ಅರ್ಧಂಬರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ. ಶೂಟ್‌ನಲ್ಲಿ ಬಟ್ಟೆಯೇ ಮುಖ್ಯ. ಬೇಕಲ ಕೋಟೆ ಅಲ್ಲ, ಸೂರ್ಯಾಸ್ತ ಅಲ್ಲ, ಮಾಡೆಲ್ ಮುಖವೂ ಅಲ್ಲ. ಕಾಸರಗೋಡು ಸೀರೆಯನ್ನೇ ತಗೊಳ್ಳಿ. ಹತ್ತಿ ನೂಲು, ಬೇಗ ಮಾಸದ, ವ್ಯಾಟ್ ಅನ್ನುವ ಜಾತಿಯ ಬಣ್ಣ, ಗೆರೆ ಮತ್ತು ಚೌಕುಳಿ ವಿನ್ಯಾಸ. ಭೌಗೋಳಿಕ ಸೂಚಕ ಅಂದರೆ ಜಿಐ ಮಾನ್ಯತೆ (ಇದು ಈ ಊರಿನದ್ದೇ ಅನ್ನುವ ಗುರುತು) ಇರುವ ಸೀರೆ ಅದು. ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಕೊಳ್ಳುವವರಿಗೆ ಅದನ್ನು ಮುಟ್ಟಿ ನೋಡಲು ಆಗುವುದಿಲ್ಲ, ಫೋಟೋ ಒಂದೇ ಅವರಿಗೆ ಇರುವುದು. ಫೋಟೋದಲ್ಲಿ ಕಂಡ ಬಣ್ಣ ಒಂದು, ಮನೆಗೆ ಬಂದ ಬಣ್ಣ ಇನ್ನೊಂದು ಆದರೆ ಸೀರೆ ವಾಪಸು ಬರುತ್ತದೆ. ಆ ನಷ್ಟ ಸುತ್ತಿ ಸುತ್ತಿ ಕೊನೆಗೆ ಮಗ್ಗದ ಮುಂದೆ ಕೂತವರ ತಲೆಗೇ ಬರುತ್ತದೆ.

ಹಂತ 1: ಫೋಟೋ ಯಾವುದಕ್ಕೆ ಅಂತ ಬರೆದಿಡಿ

ವೆಬ್‌ಸೈಟಿನ ಕ್ಯಾಟಲಾಗ್ ಫೋಟೋ ಬೇರೆ, ಇನ್‌ಸ್ಟಾಗ್ರಾಂಗೆ ಹಾಕುವ ಫೋಟೋ ಬೇರೆ, ಅಂಗಡಿ ಮುಂದಿನ ಫ್ಲೆಕ್ಸ್‌ಗೆ ಬೇಕಾದದ್ದು ಮತ್ತೂ ಬೇರೆ. ಕ್ಯಾಟಲಾಗ್‌ಗೆ ಸೀರೆ ಪೂರ್ತಿ ಕಾಣಬೇಕು. ಸೆರಗು, ಅಂಚು, ಒಡಲು, ಹತ್ತಿರದಿಂದ ನೇಯ್ಗೆ, ಇಷ್ಟೂ ಬೇಕೇ ಬೇಕು. ಫ್ಲೆಕ್ಸ್‌ಗೆ ಒಂದೇ ಒಂದು ಜೋರಾದ ಚಿತ್ರ ಸಾಕು, ಅದರಲ್ಲಿ ಅಕ್ಷರ ಹಾಕಲು ಜಾಗ ಬಿಟ್ಟಿರಬೇಕು.

ಒಂದು ಹಾಳೆಯಲ್ಲಿ ಪ್ರತಿ ಸೀರೆಯ ನಂಬರ್ ಬರೆದು, ಅದರ ಎದುರು ಯಾವ ಯಾವ ಫೋಟೋ ಬೇಕು ಅಂತ ಪಟ್ಟಿ ಮಾಡಿ. ಪ್ರತಿ ಸೀರೆ ಉಡಿಸುವುದು, ಪಿನ್ ಹಾಕುವುದು, ಕೂದಲು ಸರಿ ಮಾಡುವುದು, ಆಮೇಲೆ ಫೋಟೋ ತೆಗೆಯುವುದು, ಎಲ್ಲ ಸೇರಿದರೆ ಮುಕ್ಕಾಲು ಗಂಟೆ ಹೋಗುತ್ತದೆ. ಹಾಗಾಗಿ ಒಬ್ಬ ಮಾಡೆಲ್ ಇದ್ದರೆ ದಿನಕ್ಕೆ ಎಂಟು ಸೀರೆ ಅಂದುಕೊಳ್ಳಿ. ಇಪ್ಪತ್ತು ಸೀರೆ ಮುಗಿಸ್ತೇವೆ ಅಂತ ಹೊರಟರೆ ಕೊನೆಯ ಹತ್ತರಲ್ಲಿ ನೆರಿಗೆಯೂ ಸರಿ ಇರುವುದಿಲ್ಲ, ಮಾಡೆಲ್ ಮುಖದಲ್ಲಿ ನಗುವೂ ಇರುವುದಿಲ್ಲ.

ಹಂತ 2: ತಿಂಗಳು ಮತ್ತು ಗಂಟೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಡೆ ಶೂಟ್ ಇಟ್ಟುಕೊಂಡರೆ ಮಳೆ ಬಾರದು ಅನ್ನುವ ಭರವಸೆಯ ಮೇಲೆ ದುಡ್ಡು ಹಾಕಿದ ಹಾಗೆ. ನವೆಂಬರ್‌ನಿಂದ ಫೆಬ್ರವರಿ ನಮಗೆ ಒಳ್ಳೆಯದು. ಆಕಾಶ ಸ್ವಚ್ಛ, ಬೆವರು ಕಡಿಮೆ. ಮಾರ್ಚ್ ಬಂತೆಂದರೆ ಸೆಕೆ ಶುರು, ಮೇಕಪ್ ನಿಲ್ಲುವುದೇ ಇಲ್ಲ. ಆದರೂ ಮಳೆ ಬಿಟ್ಟ ಆಗಸ್ಟ್ ಕೊನೆಯ ದಿನಗಳಿಗೆ ಒಂದು ಬೆಲೆ ಇದೆ. ಆಗ ನಮ್ಮ ಪದವುಗಳಲ್ಲಿ (ಎತ್ತರದ ಬಯಲುಗಳಲ್ಲಿ) ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ ಹಸಿರು ಹುಲ್ಲು, ಅದರ ನಡುವೆ ನೀಲಿ ಪುಟ್ಟ ಹೂಗಳು. ಓಣಂ ಮಾರಾಟಕ್ಕೆ ಶೂಟ್ ಬೇಕಾದವರು ಮಳೆ ಬಂದರೆ ಒಳಗೆ ತೆಗೆಯುವ ಜಾಗವೊಂದನ್ನು ಕೈಯಲ್ಲಿಟ್ಟುಕೊಂಡು ಈ ಪದವುಗಳಲ್ಲಿ ಪ್ರಯತ್ನಿಸಬಹುದು. ಹೂವಿನ ಮೇಲೆ ಮಾತ್ರ ಕಾಲಿಡಬೇಡಿ, ಅಂಚಿನಲ್ಲಿ ನಿಂತೇ ತೆಗೆಯಿರಿ.

ಇನ್ನು ಗಂಟೆ. ನಾವು ಭೂಮಧ್ಯರೇಖೆಗೆ ಹತ್ತಿರ, ಸುಮಾರು 12.5 ಡಿಗ್ರಿ ಉತ್ತರದಲ್ಲಿ ಇದ್ದೇವೆ. ಅದಕ್ಕೇ ಸೂರ್ಯ ಇಲ್ಲಿ ಓರೆಯಾಗಿ ಜಾರದೆ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಯುರೋಪಿನವರ ವಿಡಿಯೋಗಳಲ್ಲಿ ಸಂಜೆಯ ಹೊಂಬೆಳಕು ಗಂಟೆಗಟ್ಟಲೆ ಇರುವುದನ್ನು ನೋಡಿ ಪ್ಲಾನ್ ಮಾಡಬೇಡಿ. ನಮಗೆ ಸಿಗುವುದು ನಲವತ್ತು, ನಲವತ್ತೈದು ನಿಮಿಷ. ಸೂರ್ಯ ಮುಳುಗಿದ ಮೇಲೆ ಇನ್ನೊಂದು ಇಪ್ಪತ್ತು ನಿಮಿಷ ಮೆತ್ತಗಿನ ಬೆಳಕು ಇರುತ್ತದೆ, ಅಷ್ಟೇ. ಆ ಹೊತ್ತಿಗೆ ಒಂದೋ ಎರಡೋ ಸೀರೆ ಇಟ್ಟುಕೊಳ್ಳಿ. ಅದೂ ಬಣ್ಣ ನಿಖರವಾಗಿ ಕಾಣಬೇಕಾದ ಕ್ಯಾಟಲಾಗ್ ಸೀರೆ ಅಲ್ಲ. ಹೊಂಬೆಳಕಿನಲ್ಲಿ ಬಿಳಿ ಸೀರೆ ಕೆನೆ ಬಣ್ಣಕ್ಕೆ ಬರುತ್ತದೆ, ನೀಲಿ ಮಂಕಾಗುತ್ತದೆ. ಚೆಂದ ಕಾಣುತ್ತದೆ, ನಿಜ ಕಾಣುವುದಿಲ್ಲ.

ಕಡಲ ಬದಿಯಲ್ಲಿ ತೆಗೆಯುವವರಿಗೆ ಇನ್ನೊಂದು ವಿಷಯ. ನಮ್ಮ ಕಡಲು ಪಶ್ಚಿಮಕ್ಕೆ. ಬೆಳಿಗ್ಗೆ ಸೂರ್ಯ ತೆಂಗಿನ ತೋಟದ ಹಿಂದಿನಿಂದ ಏಳುತ್ತಾನೆ, ಹಾಗಾಗಿ ಕಣ್ವತೀರ್ಥದಲ್ಲೋ ಪಳ್ಳಿಕರೆಯಲ್ಲೋ ಸೂರ್ಯೋದಯ ಆದ ಮೇಲೂ ಸ್ವಲ್ಪ ಹೊತ್ತು ಮರಳಿನ ಮೇಲೆ ನೆರಳೇ ಇರುತ್ತದೆ. ಆ ಬೆಳಕು ಸಮವಾಗಿರುತ್ತದೆ. ಹೆಚ್ಚಾಗಿ ಗಾಳಿಯೂ ಇರುವುದಿಲ್ಲ, ನೆರಿಗೆ ಕೂತ ಹಾಗೆ ಕೂತಿರುತ್ತದೆ. ಮಧ್ಯಾಹ್ನ ಆಗುತ್ತಿದ್ದಂತೆ ನೆಲ ಕಾದು ಕಡಲಿನಿಂದ ಗಾಳಿ ಬೀಸಲು ಶುರುವಾಗುತ್ತದೆ. ಸೆರಗು ಹಾರಬೇಕು ಅನ್ನುವವರಿಗೆ ಆಗ ಫ್ಯಾನ್ ಬೇಡ. ಅಂದರೆ ಕ್ಯಾಟಲಾಗ್ ಬೆಳಿಗ್ಗೆ, ಹಾರುವ ಸೆರಗು ಸಂಜೆ. ನಾನು ಈ ಕ್ರಮ ಬಿಡುವುದಿಲ್ಲ.

ಮೀಸಲು ದಿನ ಒಂದನ್ನು ಎಲ್ಲರಿಗೂ ಮೊದಲೇ ಹೇಳಿಡಿ. ಮಳೆ ಮಾತ್ರ ಅಲ್ಲ, ಹಠಾತ್ ಹರತಾಳ ಬಂದರೆ ಮಂಗಳೂರಿನಿಂದ ಬರುವ ಮೇಕಪ್‌ನವರು ತಲಪಾಡಿ ಗಡಿ ದಾಟುವುದೇ ಕಷ್ಟ.

ಹಂತ 3: ಜಾಗ ಮತ್ತು ಅನುಮತಿ

ಬೇಕಲ ಕೋಟೆ ಎಲ್ಲರಿಗೂ ಬೇಕು. ಕೆಳದಿಯ ಶಿವಪ್ಪ ನಾಯಕನ ಕಾಲದ, 17ನೇ ಶತಮಾನದ ಕೋಟೆ, ಕಡಲಿಗೆ ಚಾಚಿಕೊಂಡಿದೆ, ಕಣ್ಣಿಗೆ ಹಬ್ಬ. ಆದರೆ ಅದು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಟಿಕೆಟ್ ತಗೊಂಡು ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆಯುವುದು ಬೇರೆ. ಟ್ರೈಪಾಡ್, ಲೈಟ್, ಮಾಡೆಲ್, ಐದಾರು ಜನರ ತಂಡ ಹೋಗುವುದು ಬೇರೆ. ಅದಕ್ಕೆ ಇಲಾಖೆಯಿಂದ ಮೊದಲೇ ಲಿಖಿತ ಅನುಮತಿ ಬೇಕು, ಶುಲ್ಕವೂ ಇರುತ್ತದೆ. ಗೇಟಿನಲ್ಲಿ ನಿಂತು ಕಾವಲುಗಾರರ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ, ಅವರ ಕೈಯಲ್ಲಿ ಏನೂ ಇರುವುದಿಲ್ಲ. ಸಂಜೆ ಗೇಟು ಬೇಗ ಹಾಕುತ್ತಾರೆ, ಹೊಂಬೆಳಕಿನ ಹೊತ್ತು ಪೂರ್ತಿ ಸಿಗುತ್ತದೆ ಅಂತ ನಂಬಬೇಡಿ. ರಾಣಿಪುರಂ ಬೆಟ್ಟದಂಥ ಜಾಗಕ್ಕೆ ಅರಣ್ಯ ಇಲಾಖೆಯನ್ನು ಕೇಳಬೇಕು.

ರೈಲು ಹಳಿಯ ಮೇಲೆ ನಿಂತು ತೆಗೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ಕಾನೂನು ಪ್ರಕಾರ ಅಪರಾಧ, ಅದಕ್ಕಿಂತ ಮುಖ್ಯವಾಗಿ ಜೀವಕ್ಕೆ ಅಪಾಯ. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳನ್ನು ಓದಿ, ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದ ವಲಯದಲ್ಲಿದೆ ಅಂತ ನೋಡಿಕೊಳ್ಳಿ. ನಮ್ಮ ದಕ್ಷಿಣಕ್ಕೆ ಹತ್ತಿರದಲ್ಲೇ ಏಳಿಮಲೆಯ ನೌಕಾ ಅಕಾಡೆಮಿ ಇದೆ ಅನ್ನುವುದು ನೆನಪಿರಲಿ.

ದೇವಸ್ಥಾನದ ಹೊರ ಅಂಗಳವೇ ಆದರೂ ಆಡಳಿತದವರನ್ನು ಕೇಳಿಯೇ ಹೋಗಬೇಕು. ಇನ್ನು ತೆಯ್ಯಂ, ಭೂತದ ಮುಖವರ್ಣಿಕೆಯನ್ನು ಮಾಡೆಲ್‌ಗೆ ಹಾಕಿ ಸೀರೆ ಫೋಟೋ ತೆಗೆಯುವವರಿಗೆ ನನ್ನ ನೇರ ಮಾತು: ಬೇಡ. ಅದು ವ್ರತ ಹಿಡಿದು ಕಟ್ಟುವ ದೈವದ ಕೋಲ, ಸೀರೆಗೆ ಹಿನ್ನೆಲೆ ಅಲ್ಲ.

ನಿಜ ಹೇಳಬೇಕೆಂದರೆ ಒಳ್ಳೆ ಜಾಗ ಹೆಚ್ಚಾಗಿ ಪರಿಚಯದವರ ಮನೆಯಲ್ಲೇ ಸಿಗುತ್ತದೆ. ಹಳೆ ಹಂಚಿನ ಮನೆ, ಉತ್ತರಕ್ಕೆ ತೆರೆದ ಜಗಲಿ, ಬಿಳಿ ಸುಣ್ಣದ ಗೋಡೆ, ಎದುರು ಅಡಿಕೆ ಒಣಹಾಕುವ ಅಂಗಳ. ಉತ್ತರದ ಜಗಲಿಗೆ ಚಳಿಗಾಲದಲ್ಲಿ ನೇರ ಬಿಸಿಲು ಬೀಳುವುದಿಲ್ಲ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೂ ಬೆಳಕು ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಬಟ್ಟೆ ಬದಲಿಸಲು ಕೋಣೆ ಇದೆ, ನೀರು ಇದೆ, ಶೌಚಾಲಯ ಇದೆ. ಮನೆಯ ಅಕ್ಕನಿಗೆ ಊಟ, ಚಾದ ಕೆಲಸ ಹೊರಿಸಬೇಡಿ, ತಂಡದ ಊಟ ನೀವೇ ತನ್ನಿ. ಬಾಡಿಗೆ ಬೇಡ ಅಂದರೂ ಏನಾದರೂ ಕೊಟ್ಟೇ ಬನ್ನಿ.

ಹಂತ 4: ಸುತ್ತಲಿನ ಬಣ್ಣ ಸೀರೆಗೆ ಹತ್ತದಂತೆ ನೋಡಿ

ಇದರ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ನಮ್ಮ ನಾಡಿಗೆ ಎರಡು ಬಣ್ಣ: ಕೆಳಗೆ ಕೆಂಪು, ಮೇಲೆ ಹಸಿರು. ಎರಡೂ ಫೋಟೋ ಕೆಡಿಸಬಲ್ಲವು.

ಮುರಕಲ್ಲಿನ ಪಾಗಾರದ ಪಕ್ಕ, ಕೆಂಪು ಮಣ್ಣಿನ ಮೇಲೆ ಬಿಸಿಲಿನಲ್ಲಿ ಮಾಡೆಲನ್ನು ನಿಲ್ಲಿಸಿದರೆ ನೆಲದಿಂದ ಕೆಂಪು ಬೆಳಕು ಚಿಮ್ಮಿ ಗಲ್ಲದ ಕೆಳಗೆ, ಸೀರೆಯ ಕೆಳಭಾಗಕ್ಕೆ ಹತ್ತುತ್ತದೆ. ಬಿಳಿ ಸೀರೆಯಲ್ಲಿ ಇದು ಎದ್ದು ಕಾಣುತ್ತದೆ. ಮೇಲರ್ಧ ಒಂದು ಬಣ್ಣ, ಕೆಳಗಿನರ್ಧ ಇನ್ನೊಂದು. ಕಂಪ್ಯೂಟರಿನಲ್ಲಿ ಇದನ್ನು ಸರಿ ಮಾಡುವುದು ತುಂಬಾ ಕಷ್ಟ, ಯಾಕೆಂದರೆ ಪೂರ್ತಿ ಫೋಟೋದ ಬಣ್ಣ ಒಂದೇ ಸಲ ತಿದ್ದಲು ಆಗುವುದಿಲ್ಲ. ಪರಿಹಾರ ಸುಲಭ. ಫ್ರೇಮಿನ ಹೊರಗೆ, ಮಾಡೆಲ್ ಕಾಲ ಮುಂದೆ ಒಂದು ಬಿಳಿ ಬೆಡ್‌ಶೀಟ್ ಹಾಸಿ. ಅಥವಾ ಗೋಡೆಯಿಂದ ನಾಲ್ಕೈದು ಅಡಿ ಮುಂದೆ ಬಂದು, ಮೋಡ ಬಂದಾಗ ತೆಗೆಯಿರಿ.

ಅಡಿಕೆ ತೋಟದೊಳಗೆ ಸಮಸ್ಯೆ ಉಲ್ಟಾ. ಸೋಗೆಗಳ ಮೂಲಕ ಇಳಿದ ಬೆಳಕು ಹಸಿರಾಗಿರುತ್ತದೆ, ಚರ್ಮ ಕಾಯಿಲೆಯವರ ಹಾಗೆ ಕಾಣುತ್ತದೆ. ಅದರ ಜೊತೆಗೆ ಚುಕ್ಕೆ ಚುಕ್ಕೆ ಬಿಸಿಲು. ಮುಖದ ಮೇಲೆ ಒಂದು ಚುಕ್ಕೆ ಬಿದ್ದರೂ ಆ ಫೋಟೋ ಮುಗಿಯಿತು. ತೋಟದ ನಡುವೆ ಹೋಗದೆ ಅಂಚಿನಲ್ಲಿ ನಿಲ್ಲಿಸಿ, ಮುಖ ಬಯಲಿನ ಕಡೆಗೆ, ಬೆನ್ನು ಮರಗಳ ಕಡೆಗೆ. ಹಿನ್ನೆಲೆಯಲ್ಲಿ ಸಾಲು ಸಾಲು ಮರ ಸಿಗುತ್ತದೆ, ಮುಖಕ್ಕೆ ಆಕಾಶದ ಬೆಳಕು ಸಿಗುತ್ತದೆ. ಬೆಳಕನ್ನು ಮುಖಕ್ಕೆ ತಿರುಗಿಸುವ ರಿಫ್ಲೆಕ್ಟರ್ ಇಲ್ಲದಿದ್ದರೆ ಥರ್ಮೋಕೋಲ್ ಶೀಟ್ ಸಾಕು.

ತೋಟದಲ್ಲಿ ಕಲೆಯ ಭಯವೂ ಇದೆ. ಬಾಳೆಯ ಸೊನೆ, ಗೇರಿನ ಸೊನೆ ತಾಗಿದರೆ ಹೋಗುವುದೇ ಇಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟವಾದರೆ ಮರದ ಬೊಡ್ಡೆಗೆ ಒರಗಬೇಡಿ, ಸೋಗೆಯಿಂದ ತೊಟ್ಟಿಕ್ಕುವ ನೀರಿನಲ್ಲೂ ಮೈಲುತುತ್ತು ಇರುತ್ತದೆ.

ಒಳಗಡೆ ತೆಗೆಯುವಾಗ ಒಂದೇ ಜಾತಿಯ ಬೆಳಕು ಇರಲಿ. ಕಿಟಕಿ ಬೆಳಕು ಅಂದರೆ ಕಿಟಕಿ ಬೆಳಕು ಮಾತ್ರ, ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಎಲ್‌ಇಡಿ ಲೈಟ್ ಕೊಳ್ಳುವುದಾದರೆ ಡಬ್ಬದ ಮೇಲೆ ಸಿಆರ್‌ಐ 95 ಅಥವಾ ಜಾಸ್ತಿ ಅಂತ ಇದೆಯಾ ನೋಡಿ, ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದರ ಅಳತೆ ಅದು. ಮನೆಯ ದೀಪದಡಿ ತೆಗೆಯಲೇಬೇಕಾದರೆ ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಬೇರೆ ವೇಗದಲ್ಲಿ ಫೋಟೋಗೆ ಅಡ್ಡಪಟ್ಟೆ ಬರಬಹುದು.

ಹಂತ 5: ಸೀರೆಯನ್ನು ಹಿಂದಿನ ದಿನವೇ ಸಿದ್ಧ ಮಾಡಿ

ಗಂಜಿ ಹಾಕಿದ ಹತ್ತಿ ಸೀರೆಯಿಂದ ಮಡಿಕೆಯ ಗುರುತು ಸುಲಭಕ್ಕೆ ಹೋಗುವುದಿಲ್ಲ. ಸ್ವಲ್ಪ ನೀರು ಚಿಮುಕಿಸಿ, ಒದ್ದೆ ಇರುವಾಗಲೇ ಇಸ್ತ್ರಿ ಹಾಕಬೇಕು. ಹಾಕಿದ ಮೇಲೆ ಮಡಚಬೇಡಿ. ದಪ್ಪ ಪೈಪಿಗೆ ಸುತ್ತಿ ಅಥವಾ ಹ್ಯಾಂಗರಿನಲ್ಲಿ ಉದ್ದಕ್ಕೆ ನೇತುಹಾಕಿ ಕೊಂಡೊಯ್ಯಿರಿ. ಸೀರೆ ಉಡಿಸಲು ಅದರಲ್ಲೇ ಪಳಗಿದ ಒಬ್ಬರು ಇರಲಿ. ಮೇಕಪ್‌ನವರು ಉಡಿಸ್ತಾರೆ ಬಿಡಿ ಅನ್ನಬೇಡಿ. ಕೈಮಗ್ಗದ ಹತ್ತಿ ಸೀರೆ ಉಬ್ಬಿ ನಿಲ್ಲುತ್ತದೆ, ಅದನ್ನು ಕೂರಿಸುವ ಕೈ ಬೇರೆಯೇ.

ಒಂದು ಡಬ್ಬದಲ್ಲಿ ಇವು ಇರಲಿ: ಸೇಫ್ಟಿ ಪಿನ್, ಬಟ್ಟೆ ಒಣಹಾಕುವ ಕ್ಲಿಪ್, ಡಬಲ್ ಟೇಪ್, ಸೂಜಿ ದಾರ, ನೂಲು ಕತ್ತರಿಸುವ ಸಣ್ಣ ಕತ್ತರಿ, ಎಣ್ಣೆ ಹೀರುವ ಕಾಗದ, ಟವೆಲ್. ತೆಳು ನೂಲಿಗೆ ದಪ್ಪ ಪಿನ್ ಚುಚ್ಚಿದರೆ ತೂತು ಉಳಿಯುತ್ತದೆ, ಸಪುರದ ಪಿನ್ ತನ್ನಿ. ಬ್ಲೌಸ್ ಸರಿ ಹೊಂದದಿದ್ದರೆ ಬೆನ್ನ ಹಿಂದೆ ಕ್ಲಿಪ್ ಹಾಕಿ, ಕ್ಯಾಮೆರಾಗೆ ಕಾಣುವುದಿಲ್ಲ.

ಮಗ್ಗದ ಹತ್ತಿರ ಫೋಟೋ ಬೇಕೆನ್ನುವವರು ಇದ್ದಾರೆ, ಬಹಳ ಒಳ್ಳೆಯ ಯೋಚನೆ. ನೇಯುವವರಿಗೆ ಸಾಮಾನ್ಯವಾಗಿ ನೇಯ್ದ ಲೆಕ್ಕದಲ್ಲಿ ಕೂಲಿ. ನೀವು ಎರಡು ಗಂಟೆ ಮಗ್ಗ ನಿಲ್ಲಿಸಿದರೆ ಆ ಎರಡು ಗಂಟೆಯ ದುಡಿಮೆ ಅವರಿಗೆ ಹೋಯಿತು. ಅದನ್ನು ಕೊಡಿ, ಹೋಗುವ ಮೊದಲೇ ಎಷ್ಟು ಅಂತ ಮಾತಾಡಿ. ಅವರ ಮುಖ ಜಾಹೀರಾತಿಗೆ ಬಳಸುವುದಾದರೆ ಮಾಡೆಲ್ ಹತ್ತಿರ ಕೇಳಿದ ಹಾಗೆಯೇ ಒಪ್ಪಿಗೆ ಕೇಳಬೇಕು.

ಹಂತ 6: ಮಾಡೆಲ್, ಕಾಗದ, ಮರ್ಯಾದೆ

ಪರಿಚಯದ ಹುಡುಗಿಯೇ ಆದರೂ ಒಂದು ಪುಟದ ಒಪ್ಪಿಗೆ ಪತ್ರ ಬರೆಸಿ. ಫೋಟೋ ಎಲ್ಲೆಲ್ಲಿ ಬಳಸುತ್ತೇವೆ, ಎಷ್ಟು ವರ್ಷ, ಎಷ್ಟು ದುಡ್ಡು, ಬೇರೆ ಅಂಗಡಿಗೆ ಕೊಡುತ್ತೇವೋ ಇಲ್ಲವೋ. ಹದಿನೆಂಟು ತುಂಬದವರಾದರೆ ತಂದೆ ಅಥವಾ ತಾಯಿ ಸಹಿ ಹಾಕಬೇಕು, ಶೂಟ್ ಉದ್ದಕ್ಕೂ ಜೊತೆಗಿರಬೇಕು. ಮಲಯಾಳಂ ಮಾತ್ರ ಓದುವವರಿಗೆ ಕನ್ನಡದ ಕಾಗದ ಕೊಟ್ಟು ಸಹಿ ಹಾಕಿಸಬೇಡಿ, ಅವರ ಭಾಷೆಯಲ್ಲೇ ಬರೆಯಿರಿ.

ಬಟ್ಟೆ ಬದಲಿಸುವ ಜಾಗಕ್ಕೆ ಬಾಗಿಲು, ಚಿಲಕ ಇರಲೇಬೇಕು. ತಂಡದಲ್ಲಿ ಕನಿಷ್ಠ ಇನ್ನೊಬ್ಬ ಹೆಂಗಸು ಇರಲಿ. ಬಿಸಿಲಿಗೆ ಕಾದ ಮುರಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಿಸುವಿರಾದರೆ ಚಪ್ಪಲಿ ಪಕ್ಕದಲ್ಲೇ ಇರಲಿ, ಎರಡು ಫೋಟೋಗೊಮ್ಮೆ ಹಾಕಿಕೊಳ್ಳಲಿ. ಎಳನೀರು, ಮಜ್ಜಿಗೆ, ಹೊತ್ತಿಗೆ ಸರಿಯಾಗಿ ಊಟ. ಹಸಿದ ಮುಖವನ್ನು ಯಾವ ಮೇಕಪ್ಪೂ ಮುಚ್ಚುವುದಿಲ್ಲ.

ತಂಡದಲ್ಲಿ ಒಬ್ಬರು ತುಳು, ಒಬ್ಬರು ಮಲಯಾಳಂ, ಒಬ್ಬರು ಬ್ಯಾರಿ ಮಾತಾಡುವುದು ನಮ್ಮಲ್ಲಿ ಸಾಮಾನ್ಯ ಅಲ್ವಾ. ನಿಂತುಕೊಳ್ಳುವ ರೀತಿಯನ್ನು ಬಾಯಲ್ಲಿ ವಿವರಿಸಬೇಡಿ, ನೀವೇ ನಿಂತು ತೋರಿಸಿ. ಹೀಗೆ ನಿಲ್ಲಿ ಅನ್ನುವುದಕ್ಕಿಂತ ಏನಾದರೂ ಕೆಲಸ ಕೊಡಿ. ನಡೆದು ಬನ್ನಿ, ಸೆರಗು ಭುಜಕ್ಕೆ ಎಳೆದುಕೊಳ್ಳಿ, ಮೆಟ್ಟಿಲಲ್ಲಿ ಕೂತು ನೆರಿಗೆ ಸರಿ ಮಾಡಿ. ಹೊಸಬರಿಗೆ ಕೈ ಎಲ್ಲಿಡುವುದು ಅನ್ನುವುದೇ ದೊಡ್ಡ ಚಿಂತೆ. ಕೈಗೆ ಬಟ್ಟೆ ಸಿಕ್ಕಿದರೆ ಆ ಚಿಂತೆ ಹೋಗುತ್ತದೆ, ಬಟ್ಟೆಯೂ ಕಾಣುತ್ತದೆ.

ಹಂತ 7: ಕ್ಯಾಮೆರಾ ಹಿಡಿದಾಗ

ಪ್ರತಿ ಸೀರೆಗೂ, ಪ್ರತಿ ಸಲ ಬೆಳಕು ಬದಲಾದಾಗಲೂ ಮೊದಲ ಫೋಟೋ ಗ್ರೇ ಕಾರ್ಡ್ (ಬಣ್ಣ ಅಳೆಯಲು ಬಳಸುವ ಬೂದು ಹಲಗೆ) ಹಿಡಿದದ್ದು ಇರಲಿ. ಆ ಒಂದು ಫೋಟೋದಿಂದ ಉಳಿದ ಎಲ್ಲದರ ಬಣ್ಣ ಸರಿ ಮಾಡಬಹುದು. ರಾ ಫೈಲಿನಲ್ಲೇ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲಿನಲ್ಲೇ ತೆಗೆಯಿರಿ. ಬಿಳಿ ಅಥವಾ ಕಸವು (ಜರಿ ಅಂಚಿನ ಕೆನೆ ಬಣ್ಣದ) ಸೀರೆ ಪೂರ್ತಿ ಫ್ರೇಮಿನಲ್ಲಿದ್ದರೆ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಬೆಳಕು ಇಮ್ಮಡಿ) ಏರಿಸಿ, ನೇಯ್ಗೆ ಅಳಿಸಿಹೋಗದ ಹಾಗೆ ಹಿಸ್ಟೋಗ್ರಾಂ, ಅಂದರೆ ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ ನೋಡಿಕೊಳ್ಳಿ. ಕಪ್ಪು ಸೀರೆಗೆ ಇಳಿಸಿ. ಗಾಢ ಕೆಂಪು ಸೀರೆಯಲ್ಲಿ ಕೆಂಪು ಚಾನೆಲ್ (ಫೋಟೋದಲ್ಲಿ ಕೆಂಪಿನ ಪಾಲು) ತುಂಬಿ ಹೋಗಿ ನೂಲಿನ ವಿವರ ಮಾಯವಾಗುತ್ತದೆ, ಅದಕ್ಕೂ ಸ್ವಲ್ಪ ಇಳಿಸಿ. ನೇರಳೆ ಬಣ್ಣ ಎಷ್ಟೋ ಕ್ಯಾಮೆರಾಗಳಲ್ಲಿ ನೀಲಿಗೆ ವಾಲುತ್ತದೆ, ಆ ಸೀರೆಗಳನ್ನು ಬೇರೆ ಗುರುತು ಮಾಡಿಡಿ.

ಸಣ್ಣ ಚೌಕುಳಿ ಸೀರೆಯ ಫೋಟೋದಲ್ಲಿ ಬಟ್ಟೆಯಲ್ಲಿ ಇಲ್ಲದ ಅಲೆ ಅಲೆ ಬಣ್ಣದ ಗೆರೆ ಕಾಣುವುದುಂಟು. ಮ್ವಾರೆ ಅನ್ನುತ್ತಾರೆ ಅದಕ್ಕೆ. ನೂಲಿನ ಸಾಲೂ ಕ್ಯಾಮೆರಾದೊಳಗಿನ ಸೆನ್ಸರಿನ ಸಾಲೂ ಒಂದಕ್ಕೊಂದು ತಾಳೆಯಾಗದೆ ಹುಟ್ಟುವ ಗೆರೆಗಳು. ಕೊಳ್ಳುವವರು ಅದನ್ನೇ ಡಿಸೈನ್ ಅಂದುಕೊಳ್ಳುತ್ತಾರೆ. ಎರಡು ಹೆಜ್ಜೆ ಹಿಂದೆ ಅಥವಾ ಮುಂದೆ ಹೋಗಿ, ಇಲ್ಲವೇ ಕ್ಯಾಮೆರಾವನ್ನು ಕೊಂಚ ಓರೆ ಮಾಡಿ, ಮತ್ತೆ ತೆಗೆಯಿರಿ. ಹಿಂಬದಿಯ ಪುಟ್ಟ ಪರದೆಯಲ್ಲಿ ನೋಡಿ ತೀರ್ಮಾನಿಸಬೇಡಿ, 100 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ.

ಪೂರ್ತಿ ನಿಂತ ಫೋಟೋಗೆ ಕ್ಯಾಮೆರಾ ಸೊಂಟದ ಎತ್ತರಕ್ಕೆ ಇರಲಿ, ಕಣ್ಣೆತ್ತರದಿಂದ ತೆಗೆದರೆ ಕಾಲು ಗಿಡ್ಡವಾಗಿ ಅಂಚು ಕುಗ್ಗುತ್ತದೆ. ಮೊಬೈಲಿನಲ್ಲಿ ತೆಗೆಯುವವರು ಬ್ಯೂಟಿ ಫಿಲ್ಟರ್ ಆಫ್ ಮಾಡಿ, 2ಎಕ್ಸ್ ಲೆನ್ಸ್ ಬಳಸಿ, ಎಕ್ಸ್‌ಪೋಶರ್ ಲಾಕ್ ಮಾಡಿ. ಎಸಿ ಕಾರಿನಿಂದ ಕ್ಯಾಮೆರಾ ಹೊರತೆಗೆದರೆ ನಮ್ಮ ಹವೆಗೆ ಲೆನ್ಸ್ ಮಂಜಾಗುತ್ತದೆ, ಅರ್ಧ ಗಂಟೆ ಮೊದಲೇ ಬ್ಯಾಗು ಹೊರಗಿಡಿ. ಕಡಲ ಬದಿಯಲ್ಲಿ ಗಂಟೆಗೊಮ್ಮೆ ಲೆನ್ಸಿನ ಉಪ್ಪು ಒರೆಸಿ.

ಹಂತ 8: ಆಮೇಲೆ

ಮನೆಗೆ ಬಂದ ರಾತ್ರಿಯೇ ಎರಡು ಕಡೆ ಕಾಪಿ ಮಾಡಿ, ಆಮೇಲೆ ಮಲಗಿ. ಬಣ್ಣ ತಿದ್ದುವಾಗ ಸೀರೆ ಪಕ್ಕದಲ್ಲಿ ಇರಲೇಬೇಕು, ಹಗಲಿನ ಕಿಟಕಿ ಬೆಳಕಿನಲ್ಲಿ ಹಿಡಿದು ನೋಡುತ್ತಾ ತಿದ್ದಿ. ಬೇರೆಯವರಿಗೆ ಎಡಿಟಿಂಗ್ ಕೊಟ್ಟರೆ ಸೀರೆಯ ಒಂದು ತುಂಡೋ, ಅದೇ ನೂಲಿನ ಎಳೆಗಳೋ ಜೊತೆಗೆ ಕಳಿಸಿ. ವೆಬ್‌ಗೆ ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಮಾದರಿಯಲ್ಲಿ ಉಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿನ ಹೆಸರಲ್ಲಿ ಸೀರೆಯ ನಂಬರ್ ಇರಲಿ.

ಫೋಟೋ ಯಾರದ್ದು ಅನ್ನುವ ಜಗಳ ಆಮೇಲೆ ಬರುವುದುಂಟು. ಕಾಪಿರೈಟ್ ಕಾಯ್ದೆ, 1957ರ ಪ್ರಕಾರ ಒಬ್ಬರು ದುಡ್ಡು ಕೊಟ್ಟು ತಮಗಾಗಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ದುಡ್ಡಿಲ್ಲದೆ ಸ್ನೇಹಕ್ಕೆ ತೆಗೆದುಕೊಟ್ಟರೆ ಲೆಕ್ಕ ಬೇರೆಯಾಗಬಹುದು. ಹಾಗಾಗಿ ರಾ ಫೈಲ್ ಯಾರಿಗೆ, ಫೋಟೋಗ್ರಾಫರ್ ತನ್ನ ಪೇಜಿನಲ್ಲಿ ಹಾಕಿಕೊಳ್ಳಬಹುದಾ, ಹೆಸರು ಕೊಡುತ್ತೀರಾ, ಇವನ್ನೆಲ್ಲ ಶೂಟ್‌ಗೆ ಮೊದಲೇ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಕೆಲಸ ಮಾಡಿದವರಿಗೆ ದುಡ್ಡು ಅದೇ ದಿನ ಕೊಡಿ.

ಕೊನೆಗೆ ಸೀರೆಗಳು. ಬೆವರು, ಉಪ್ಪುಗಾಳಿ ತಾಗಿದ ಸೀರೆಯನ್ನು ಹಾಗೇ ಮಡಚಿ ಕವರಿಗೆ ಹಾಕಬೇಡಿ, ಗಂಜಿಯ ಬಟ್ಟೆಗೆ ಬೂಸಲು ಬರುತ್ತದೆ, ಜರಿ ಇದ್ದರೆ ಕಪ್ಪಾಗುತ್ತದೆ. ನೆರಳಲ್ಲಿ ಗಾಳಿಗೆ ಹಾಕಿ, ಪಿನ್ನಿನ ತೂತು, ಕಲೆ ಇದೆಯಾ ಅಂತ ಅಂಚಿನಿಂದ ಅಂಚಿಗೆ ನೋಡಿ. ಶೂಟ್‌ಗೆ ಉಟ್ಟ ಸೀರೆಯನ್ನು ಮಾರುವುದಾದರೆ ಕೊಳ್ಳುವವರಿಗೆ ಅದನ್ನು ಹೇಳಿ, ಬೆಲೆಯಲ್ಲಿ ಸ್ವಲ್ಪ ಬಿಟ್ಟು ಕೊಡಿ.